ಬೆಚ್ಚನೆಯ ಮೂಲೆಯ ಚಕ್ರ

ಡಿಸೆಂಬರ್ 2, 1974. ಸೋಮವಾರ.

ಒಲೆಗೆ ಬೆಳಗಿನ ಕಲ್ಲಿದ್ದಲು ಬಿಲ್ಲೆ ಹಾಕಿಯಾಯಿತು. ಉರಿದು ಮುಗಿದ ಬಿಲ್ಲೆಯನ್ನು ಬಾಗಿಲ ಮುಂದಿನ ಹಿಮದ ಮೇಲೆ ಪುಡಿ ಮಾಡಿದೆ, ಯಾರೂ ಜಾರಿ ಬೀಳದಿರಲಿ ಅಂತ. ಸೋಯಾ ಸಾರು ಕುದಿಯುತ್ತಿದೆ. ಯಜಮಾನರು ಸೈಕಲ್ ರಿಪೇರಿ ಅಂಗಡಿಯಲ್ಲಿ ತಮ್ಮ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ.

ಇದು ನಾಲ್ಕನೆಯದು. ಯಾರೂ ತಳ್ಳದೆ, ಬರೀ ಗುರುತ್ವದ ಬಲದಿಂದ, ಲೋಕ ಇರುವವರೆಗೆ ತಿರುಗುವ ಚಕ್ರ. ಮೊದಲನೆಯದಕ್ಕೆ ಮಡಿಸುವ ತೋಳುಗಳಿದ್ದವು. ಅರ್ಧ ಸುತ್ತು ಹೋಗಿ, ಸ್ವಲ್ಪ ಯೋಚಿಸಿ, ವಾಪಸು ಬಂತು. ಎರಡನೆಯದರ ಗೋಲಿಗಳು ಈಗಲೂ ಕಸ ಗುಡಿಸುವಾಗ ಸಿಗುತ್ತವೆ. ಮೂರನೆಯದರಲ್ಲಿ ನೀರಿನ ಬಾಟಲಿಗಳು... ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ನಾಲ್ಕನೆಯದಕ್ಕೆ ಸೈಕಲ್ ರಿಮ್ಮು. ಕಡ್ಡಿಗಳ ಬದಲು ಹಳೆಯ ಟ್ಯೂಬಿನಿಂದ ಕೊಯ್ದ ರಬ್ಬರ್ ಪಟ್ಟಿಗಳು. ಅಂಚಿನ ಸುತ್ತ ಸೀಸದ ಗುಂಡು.

"ಇಳಿಯೋ ಕಡೆ ರಬ್ಬರ್ ಹಿಗ್ಗುತ್ತೆ, ಭಾರ ದೂರ ಹೋಗುತ್ತೆ. ಏರೋ ಕಡೆ ಹತ್ತಿರ ಬರುತ್ತೆ. ಗುರುತ್ವ ಎಳೀತಾನೇ ಇರುತ್ತೆ, ಇದು ತಿರುಗ್ತಾನೇ ಇರುತ್ತೆ. ಅರ್ಥ ಆಯ್ತಾ?"

"ಇಳಿದದ್ದು ಮತ್ತೆ ಏರಬೇಕಲ್ಲ, ಮಿರಾನ್ ಅಪ್ಪ. ಆಗ ನಿಮ್ಮ ಗುರುತ್ವ ಊಟಕ್ಕೆ ಹೋಗಿರುತ್ತಾ?"

"ನಿನಗೆ ಇದೆಲ್ಲ ತಿಳಿಯಲ್ಲ ಬಿಡು."

ನಿಜ, ತಿಳಿಯುವುದಿಲ್ಲ. ಪಂಕ್ಚರ್ ಹಾಕಿಸಲು ಬಂದವರು ಬಾಗಿಲಲ್ಲಿ ಕಾಲು ಕುಟ್ಟುತ್ತ ನಿಂತಿದ್ದಾರೆ — ಅದೊಂದು ತಿಳಿಯುತ್ತದೆ.

ಡಿಸೆಂಬರ್ 5.

ನಮ್ಮೂರು ಜೆಚೊನ್‌ನ ಚಳಿ. ಅಂಗಡಿಯಲ್ಲಿ ಅಂಟು ಒಣಗುತ್ತಿಲ್ಲವಂತೆ. ಚಕ್ರಮಹಾರಾಜರ ಸವಾರಿ ಮನೆಯೊಳಗೆ ಚಿತ್ತೈಸಿತು. ಬಿಜಯಂಗೈದದ್ದು ಎಲ್ಲಿಗೆ? ಬೆಚ್ಚನೆಯ ಮೂಲೆಗೆ! ಅಡುಗೆಮನೆಯ ಒಲೆಯ ಬಿಸಿ ನೆಲದಡಿ ಹರಿದು ಮೊದಲು ಮುಟ್ಟುವ ಜಾಗ. ನೆಲಕ್ಕೆ ಅಂಟಿಸಿದ ಎಣ್ಣೆಕಾಗದ ಕಾದು ಕಾದು ಕಂದು ತಿರುಗಿದ ಜಾಗ. ಹಿರಿಯರಲ್ಲದೆ ಬೇರೆಯವರು ಅಲ್ಲಿ ಕೂರುವುದಿಲ್ಲ. ಅತ್ತೆಯನ್ನು ಎಬ್ಬಿಸಿದರು.

"ಲೋ ಮಾನ್ಸು, ನಾನೆಲ್ಲಿ ಕೂತ್ಕೊಳ್ಳಲಿ?" ಅಂತ ಮಗನನ್ನು ಕೇಳಿದರು.

"ಸ್ವಲ್ಪ ದಿನ ಅಷ್ಟೇ ಅಮ್ಮಾ. ಇದಕ್ಕೆ ಶೀತ ಆಗಲ್ಲ."

"ನನಗೆ ಆಗುತ್ತೇನೋ?"

ಯಜಮಾನರು ಆಗಲೇ ಚಕ್ರ ನೆಟ್ಟಗೆ ನಿಲ್ಲಿಸುತ್ತಿದ್ದರು. ಅತ್ತೆ ಕಿಟಕಿಯ ಕೆಳಗಿನ ತಣ್ಣನೆ ತುದಿಗೆ ಸರಿದರು. ಚಕ್ರದ ಒಂದು ಮಗ್ಗುಲು ಒಲೆ ಇರುವ ಅಡುಗೆಮನೆಯ ಗೋಡೆಗೆ ತಾಗುವಷ್ಟು ಹತ್ತಿರ. ಗಾಳಿ ತಾಗದಿರಲೆಂದು ಆ ಮಗ್ಗುಲಿಗೆ ಮರೆಯಾಗಿ ಅತ್ತೆಯ ರಜಾಯಿ ಬೇರೆ. ತಡವಾಗಿ ಬರುವ ಇವರಿಗಾಗಿ ನಾನು ಅನ್ನದ ಬಟ್ಟಲು ಮುಚ್ಚಿಡುತ್ತಿದ್ದದ್ದು ಅದೇ ರಜಾಯಿಯ ಕೆಳಗೆ. ಇವತ್ತು ತಣ್ಣನ್ನ ತಿಂದರು. ವಿಜ್ಞಾನಕ್ಕೆ ಅಷ್ಟಾದರೂ ತ್ಯಾಗ ಬೇಡವೆ?

ಡಿಸೆಂಬರ್ 6.

ತಿರುಗುತ್ತಿದೆ.

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆದೆ. ಮುದುಕರು ಮಗ್ಗುಲು ಬದಲಿಸುವ ಹಾಗೆ, ನಿಧಾನಕ್ಕೆ. ಆದರೆ ನಿಲ್ಲುತ್ತಿಲ್ಲ. ದಾರ ಕಟ್ಟಿದ್ದಾರೇನೋ ಅಂತ ಬಗ್ಗಿ ನೋಡಿದೆ. ಇಲ್ಲ. ಯಜಮಾನರು ಚಕ್ರಕ್ಕೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಮದುವೆಯ ದಿನ ನನ್ನ ಅಪ್ಪನಿಗೂ ಇಷ್ಟು ಬಗ್ಗಿರಲಿಲ್ಲ.

ಡಿಸೆಂಬರ್ 11.

ಬೀದಿಯೆಲ್ಲ ಬಂದು ನೋಡಿ ಹೋಯಿತು. ಅಕ್ಕಿ ಅಂಗಡಿಗೆ ರಾಜಧಾನಿ ಸೋಲ್‌ನಿಂದ ಫೋನ್. ಬಾಂಗ್ ಅಂತ, ಪಂಪು ಮಾಡುವ ಕಾರ್ಖಾನೆಯ ಒಡೆಯರಂತೆ. ಇಪ್ಪತ್ತೆರಡನೇ ತಾರೀಕು ನೋಡಲು ಬರುತ್ತಾರೆ.

"ಅವರು ಹೂಂ ಅಂದ್ರೆ ಆವತ್ತೇ ಅಂಗಡಿ ಕೀಲಿಕೈ ಚಿಕ್ಕಪ್ಪನ ಮಗನಿಗೆ ಕೊಟ್ಟುಬಿಡ್ತೀನಿ. ನಾವು ಸೋಲ್‌ಗೆ."

"ಸೋಲ್‌ನಲ್ಲಿ ಏನು ತಿನ್ನೋದು, ಗುರುತ್ವಾನಾ?"

ನಕ್ಕೆ. ಆದರೆ ಆ ಅಂಗಡಿ ನಮ್ಮ ಮಗಳು ಮಿರಾನ್‌ಳನ್ನು ಓದಿಸಿ ಮದುವೆ ಮಾಡಿದೆ. ನಮ್ಮನ್ನು ಇನ್ನೂ ಸಾಕುತ್ತಿದೆ. ಇವರು ಹೇಳಿದ್ದನ್ನು ಮಾಡುವವರು — ಇದೊಂದೇ ನನಗಿರುವ ಹೆದರಿಕೆ.

ಡಿಸೆಂಬರ್ 14.

ಒಲೆ ಆರಿಹೋಗಿತ್ತು. ಬಿಲ್ಲೆ ಒದ್ದೆಯಿತ್ತೇನೋ. ಪಕ್ಕದ ಮನೆಯಿಂದ ಕೆಂಡದ ಬಿಲ್ಲೆ ಎರವಲು ತರುವ ಹೊತ್ತಿಗೆ ಕೋಣೆ ಐಸ್. ಒಳಗೆ ಹೋಗಿ ನೋಡಿದರೆ ಚಕ್ರ ನಿಂತಿದೆ. ಯಜಮಾನರು ಊರಲ್ಲಿಲ್ಲ, ಬೇರಿಂಗು ತರಲು ಹೋಗಿದ್ದರು. ನೆಲ ಬಿಸಿಯಾಯಿತು. ಚಕ್ರ ಆಕಳಿಸಿ, ಎದ್ದು, ಮತ್ತೆ ಕೆಲಸಕ್ಕೆ ಹೊರಟಿತು.

ಹಾಂ?

ಡಿಸೆಂಬರ್ 15.

ಇವತ್ತು ಬೇಕೆಂದೇ ಆರಿಸಿದೆ. ನಿಂತಿತು. ಹಚ್ಚಿದೆ. ತಿರುಗಿತು. ರಬ್ಬರ್ ಪಟ್ಟಿಗಳನ್ನು ಮುಟ್ಟಿ ನೋಡಿದೆ. ಗೋಡೆಯ ಕಡೆಯವು ಬಿಗಿ, ತಂತಿಯ ಹಾಗೆ. ಈಚೆಯವು ಸಡಿಲ. ಬಿಸಿಗೆ ಕುಗ್ಗುತ್ತಿವೆ, ಅಂಚನ್ನು ಒಳಗೆ ಎಳೆಯುತ್ತಿವೆ; ಭಾರ ಈಚೆಗೆ ವಾಲಿ ಚಕ್ರ ಇಳಿಯುತ್ತಿದೆ. ಅಂದರೆ ಲೋಕೋದ್ಧಾರದ ಈ ಯಂತ್ರವನ್ನು ತಿರುಗಿಸುತ್ತಿರುವುದು ಗುರುತ್ವವಲ್ಲ. ಬೆಳಿಗ್ಗೆ ಸಂಜೆ ಇಕ್ಕಳ ಹಿಡಿದು, ಹೊಗೆ ಕುಡಿದು ಬಿಲ್ಲೆ ಬದಲಿಸುವ ನಾನು!

ಡಿಸೆಂಬರ್ 16.

ಯಜಮಾನರಿಗೆ ಹೇಳಿದೆ. ಅತ್ತೆ ಪಕ್ಕದಲ್ಲೇ ಮೂಲಂಗಿ ಹೆಚ್ಚುತ್ತಿದ್ದರು.

"ರಬ್ಬರ್ ಬಿಸಿಗೆ ಕುಗ್ಗುತ್ತಂತೆ! ಕೇಳಿದ್ಯಾ ಅಮ್ಮಾ? ಲೋಕದಲ್ಲಿ ಎಲ್ಲಾ ಹಿಗ್ಗಿದ್ರೆ ಇವಳ ಒಲೆ ಮುಂದೆ ಕುಗ್ಗುತ್ತೆ!"

"ಒಂದು ಸಲ ಒಲೆ ಆರಿಸಿ ತೋರಿಸ್ತೀನಿ."

"ಬಾಂಗ್ ಸಾಹೇಬ್ರು ಬಂದು ಹೋಗೋವರೆಗೆ ಯಾರೂ ಏನೂ ಮುಟ್ಟಬಾರದು. ಒಲೆ ಸಮೇತ."

ಅತ್ತೆ ತಲೆ ಎತ್ತಲಿಲ್ಲ. ಮೂಲಂಗಿ ಮಾತ್ರ ಬಹಳ ತೆಳ್ಳಗೆ ಬಿತ್ತು.

ಡಿಸೆಂಬರ್ 21.

ನಾಲ್ಕು ದಿನ ಬರೆದಿಲ್ಲ. ಮನೆಯಲ್ಲಿ ಮಾತಿಲ್ಲ, ಇಲ್ಲಿಯಾದರೂ ಯಾಕೆ.

ನಾಳೆ ಬೆಳಿಗ್ಗೆ ಒಲೆಗೆ ಬಿಲ್ಲೆ ಹಾಕುವುದಿಲ್ಲ. ತೀರ್ಮಾನ.

ಡಿಸೆಂಬರ್ 22. ಸಂಜೆ.

ಹಾಕಿದೆ. ನನ್ನ ತೀರ್ಮಾನದ ಯೋಗ್ಯತೆ ಇಷ್ಟು. ಬೆಳಿಗ್ಗೆ ಎದ್ದರೆ ಯಜಮಾನರು ಸೀಸದ ಗುಂಡುಗಳನ್ನು ಒಂದೊಂದಾಗಿ ಕರವಸ್ತ್ರದಿಂದ ಒರೆಸುತ್ತಿದ್ದರು. ಮಿರಾನ್ ಹುಟ್ಟಿದಾಗ ಅವಳ ಬೆರಳುಗಳನ್ನು ಹೀಗೇ ಒರೆಸುತ್ತಿದ್ದರು. ಥೂ, ಅಂದುಕೊಂಡು ಹೊಸ ಬಿಲ್ಲೆ ಇಟ್ಟು ಬಂದೆ. ಗಂಜಿಗೆ ಕೆಂಪುಕಾಳು ತರಲು ಮಾರ್ಕೆಟ್ಟಿಗೆ ಹೋದೆ. ವರ್ಷದ ಅತಿ ಚಿಕ್ಕ ಹಗಲು ಇವತ್ತು, ಗಂಜಿ ಬಿಡುವ ಹಾಗಿಲ್ಲ. ಬಂದಾಗ ಅತ್ತೆ ಆಗಲೇ ಸೀಮೆಎಣ್ಣೆ ಸ್ಟೌವಿನ ಮೇಲೆ ಪಾತ್ರೆ ಇಟ್ಟಿದ್ದರು. ನನಗೆ ಅನುಮಾನವೇ ಬರಲಿಲ್ಲ.

ಮಧ್ಯಾಹ್ನ ಬಾಂಗ್ ಬಂದರು. ದಪ್ಪ ಮನುಷ್ಯ, ಸಣ್ಣ ಟೋಪಿ. ಚಕ್ರ ತೆವಳುತ್ತಿತ್ತು. ಅವರು ಗಂಜಿಯ ಎರಡನೇ ಚಮಚ ಎತ್ತುವಾಗ ನಿಂತಿತು.

ಯಜಮಾನರು ಮೆಲ್ಲಗೆ ತಳ್ಳಿದರು. ಒಂದು ಸುತ್ತು. ನಿಂತಿತು. ಇನ್ನೊಮ್ಮೆ ತಳ್ಳಿದರು.

"ತಳ್ಳಿದ್ರೆ ನಮ್ಮ ಕಾರ್ಖಾನೆ ಗೇಟೂ ತಿರುಗುತ್ತೆ, ತಾಕ್ ಅವರೇ," ಅಂದರು ಬಾಂಗ್, ಯಜಮಾನರ ಮನೆತನದ ಹೆಸರು ಹಿಡಿದು. ಗಂಜಿಯನ್ನು ಹೊಗಳಿ ರೈಲಿಗೆ ಹೊರಟರು. ಹಾಕಿಕೊಂಡು ಬಂದ ಓವರ್‌ಕೋಟು ಹಾಗೇ ಇತ್ತು ಮೈಮೇಲೆ.

ಅಡುಗೆಮನೆಗೆ ಓಡಿದೆ. ಒಲೆ ಖಾಲಿ. ಹಿತ್ತಲ ಹಿಮದಲ್ಲಿ ನಾನಿಟ್ಟ ಬಿಲ್ಲೆ, ಕಪ್ಪಗೆ, ಸತ್ತು ಬಿದ್ದಿದೆ. ಅತ್ತೆ ಮಣೆಯ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿದ್ದರು.

"ನೀವಾ ಅತ್ತೆ?"

"ಮತ್ತೆ? ನಿನ್ನ ಕೈಲಿ ಆಗ್ಲಿಲ್ವಲ್ಲ."

"ನಿಮ್ಮ ಮಗ ಅಲ್ವಾ ಅವರು..."

"ಅದಕ್ಕೇ. ನೀನು ಆರಿಸಿದ್ರೆ ಇನ್ನು ಇಪ್ಪತ್ತು ವರ್ಷ ಅವನ ಜೊತೆ ಬಾಳ್ಬೇಕು. ನನಗೆಷ್ಟು ದಿನ? ಹೋಗು, ಬೆಂಕಿ ತಗೊಂಡ್ ಬಾ. ಸೊಂಟ ಹಿಡ್ಕೊಂಡಿದೆ."

ಡಿಸೆಂಬರ್ 23.

ಅಂಗಡಿ ಬೆಳಿಗ್ಗೆಯೇ ತೆರೆದಿದೆ. ಚಕ್ರ ಹಿತ್ತಲಲ್ಲಿ. ಅತ್ತೆ ಮೂಲೆಗೆ ಮರಳಿ ಪಟ್ಟಾಭಿಷಿಕ್ತರಾದರು. ನಾನು ಗೆದ್ದೆ. ಗೆದ್ದವರ ಮುಖ ಹೀಗೆ ಇರಬಾರದು.

ಡಿಸೆಂಬರ್ 28. ರಾತ್ರಿ ಊಟದ ನಡುವೆ.

ಯಜಮಾನರು ಐದು ದಿನದಲ್ಲಿ ಐದು ಮಾತೂ ಆಡಿಲ್ಲ. ಗಿರಾಕಿಗಳ ಜೊತೆ ಜಗಳವೂ ಇಲ್ಲ. ಅವರಿಗೆ ನಾನು ಎಷ್ಟು ಸಲ ದಡ್ಡರು ಅಂದಿದ್ದೇನೋ. ಒಮ್ಮೆಯೂ ನಂಬಿರಲಿಲ್ಲ. ಈಗ ನಂಬಿದ ಹಾಗಿದೆ. ಅದನ್ನು ನೋಡುವುದು ಕಷ್ಟ.

ಈಗ ಅನ್ನ ಕಲಸುತ್ತ ಇದ್ದಕ್ಕಿದ್ದಂತೆ ಕೇಳಿದರು: "ಆವತ್ತು ಬಾಂಗ್ ಸಾಹೇಬ್ರು ಕೋಟು ಬಿಚ್ಚಲೇ ಇಲ್ಲ. ಯಾಕೆ? ನೆಲ ತಣ್ಣಗಿತ್ತಾ? ಒಲೆ ಆರಿತ್ತಾ?"

ಅತ್ತೆಯ ಚಮಚ ನಿಂತಿತು. ಇಬ್ಬರೂ ನನ್ನನ್ನು ನೋಡಿದರು.

ತಳಹಿಡಿದ ಅನ್ನಕ್ಕೆ ಹಾಕಿ ಕುಡಿಯಲು ನೀರು ಕಾಯಿಸಿ ತರುತ್ತೇನೆ ಅಂತ ಎದ್ದು ಬಂದೆ. ಒಲೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಹೌದು ಅಂದರೆ ನಾಳೆಯೇ ಹಿತ್ತಲಿನಿಂದ ಚಕ್ರ ಒಳಗೆ ಬರುತ್ತದೆ. ಅತ್ತೆ ಮತ್ತೆ ಕಿಟಕಿಯ ಕೆಳಗೆ, ಬಾಂಗ್‌ಗೆ ಮತ್ತೆ ಫೋನ್, ಅಂಗಡಿ ಕೈಬಿಟ್ಟಂತೆ. ಇಲ್ಲ ಅಂದರೆ ಆ ಮನುಷ್ಯ ಸಾಯುವತನಕ ಇದೇ ಮುಖ ಹೊತ್ತು ಪಂಕ್ಚರ್ ಹಾಕುತ್ತಿರಬೇಕು.

ನೀರು ಕುದಿಯಿತು. "ಮಿರಾನ್ ಅಮ್ಮಾ, ಕೇಳಿದ್ದಕ್ಕೆ ಉತ್ತರ ಕೊಡೇ" — ಒಳಗಿನಿಂದ ಕರೆಯುತ್ತಿದ್ದಾರೆ. ಹೋಗಬೇಕು. ಹೋಗಿ, ನೀರಿಟ್ಟು, ಮುಖ ನೋಡಿಯೇ ಹೇಳುತ್ತೇನೆ, ಒಲೆ —