ಗುರುವಾರದ ಸೇವೆ

ಜೂನ್ ೫, ಗುರುವಾರ

ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು ಕಾಲು ತೊಳೆದು ಸ್ಟವ್ ಹಚ್ಚುವಷ್ಟರಲ್ಲಿ ರೇಡಿಯೋ ಅಕ್ಕ ಹಾಜರು. ಹೆಸರು ನಾನಿಟ್ಟದ್ದು, ಈ ಪುಸ್ತಕದಲ್ಲಿ ಮಾತ್ರ. ಎದುರಿಗೆ ಬರೀ ಅಕ್ಕ. ನಮ್ಮ ಚರ್ಚಿನವರೇ, ಎರಡು ಬೀದಿ ಆಚೆ ಮನೆ, ನನ್ನ ಹಾಗೇ ಒಂಟಿ. ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ ಗುರುವಾರ ತಪ್ಪಿಸಿಲ್ಲ. ಕೈಯಲ್ಲಿ ತಾವೇ ಮಾಡಿದ ಕೇಕು — ಚಾಕು ಸೋಲಬೇಕು, ಅಷ್ಟು ಗಟ್ಟಿ. ಸ್ಟೂಲ್ ಎಳೆದು ಕೂತರೆ ಶುರು. ಮೋರಿ ಕಟ್ಟಿಕೊಂಡಿದೆ. ಪ್ಲಂಬರ್ ಕೈಕೊಟ್ಟ. ತಮ್ಮನ ಸೊಸೆ ತಂದ ಪರದೆಯ ಬಣ್ಣ ಮನೆಯಲ್ಲಿ ಯಾರಿಗೂ ಹಿಡಿಸಿಲ್ಲ. ಪರದೆ ವಿಷಯ ಇದು ಮೂರನೇ ಸಲ. ನಾನು — ಹೂಂ, ಹೌದಾ, ಅಯ್ಯೋ...

ವರ್ಷದ ಮೊದಲ ಭಾನುವಾರ ಪಾಸ್ಟರ್ ಹೇಳಿದ್ದರು. ಕಾಣಿಕೆ ಡಬ್ಬಿಗೆ ಹಾಕುವುದು ಸುಲಭ. ಒಬ್ಬರಿಗೆ ನಿಮ್ಮ ಹೊತ್ತು ಕೊಡಿ, ಯಾರಿಗೂ ಹೇಳಬೇಡಿ. ನಾನು ಇವರನ್ನು ಆರಿಸಿಕೊಂಡೆ. ಪಾಪ, ಕೇಳುವವರಿಲ್ಲದೆ ತಾನೇ ಇಷ್ಟು ಮಾತು? ಹೋದ ಮೇಲೆ ತಲೆ ಧಿಮ್ಮೆನ್ನುತ್ತದೆ. ಸ್ವಾಮೀ, ನೀನು ನೋಡುತ್ತಿದ್ದೀ ತಾನೇ?

ಜೂನ್ ೧೦, ಮಂಗಳವಾರ

ಅಂಗಡಿಯಲ್ಲಿ ರಿಟೈರ್ಡ್ ಮೇಷ್ಟ್ರು ಹೊಸ ಕನ್ನಡಕ ಒಯ್ದರು. ಕಿವಿಯ ಹಿಂದೆ ಫ್ರೇಮ್ ಬಗ್ಗಿಸಿ, ಮೂಗಿನ ಮೇಲೆ ಕೂರಿಸಿ, ‘ಕಾಣ್ತಿದೆಯಾ ಸರ್?’ ಅಂದೆ. ‘ಬಹಳ ಚೆನ್ನಾಗಿದೆಯಮ್ಮ.’ ಮೆಟ್ಟಿಲಿಳಿಯುವಾಗ ಕಾಲನ್ನು ತಡಕಾಡಿ ಇಟ್ಟ ಹಾಗಿತ್ತು. ಹೊಸದಲ್ಲವಾ, ಒಗ್ಗುತ್ತದೆ ಅಂದುಕೊಂಡೆ.

ಬೀಗ ತೆಗೆದು ಒಳಗೆ ಬಂದಾಗ ‘ಬಂದೆ’ ಅನ್ನುವ ಅಭ್ಯಾಸ ಇನ್ನೂ ಹೋಗಿಲ್ಲ. ಇವತ್ತೂ ಅಂದೆ. ಅಮ್ಮನ ಕುರ್ಚಿ, ಅದರ ಮೇಲೆ ಅವಳ ಶಾಲು. ನಾನೂ ಕೂರುವುದಿಲ್ಲ, ಯಾರನ್ನೂ ಕೂರಿಸುವುದಿಲ್ಲ.

ಜೂನ್ ೧೫, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರಮ್ಮನ ಜೊತೆ ಟೀ ಲೋಟ ತೊಳೆಯುತ್ತಿದ್ದೆ. ಅವರು ತಾವಾಗಿಯೇ ಮಾತು ತೆಗೆದರು.

‘ಅಕ್ಕ ಗುರುವಾರ ಬರ್ತಾರಲ್ಲ? ನಂಗೆ ಎಷ್ಟು ಸಮಾಧಾನ ಗೊತ್ತಾ. ನಿಮ್ಮಮ್ಮ ಹೋದಾಗ ನಾನೇ ಅವರಿಗೆ ಹೇಳಿದ್ದು, ಆ ಹುಡುಗಿ ಒಂಟಿ ಆಗ್ಬಿಟ್ಳು, ಹೋಗಿ ಬನ್ನಿ ಅಂತ.’

ಐವತ್ನಾಲ್ಕು ವರ್ಷದ ಹುಡುಗಿ. ಹಲ್ಲು ಕಿರಿದೆ.

‘ಪಾಪ, ಅವ್ರು ಮಾತೇ ಆಡೋರಲ್ಲ. ನಿಮ್ಮ ಮನೇಲಿ ನಿಶ್ಶಬ್ದ ಇರಬಾರ್ದು ಅಂತ, ಬೆಳಗ್ಗಿಂದ ಏನು ಮಾತಾಡೋದು ಅಂತ ಜೋಡಿಸ್ಕೊಳ್ತಾರೆ. ವಾಪಸ್ ಬಂದ್ರೆ ಗಂಟಲಿಗೆ ಬಿಸಿನೀರು!’

ಲೋಟ ಕೈಯಲ್ಲೇ ಉಳಿಯಿತು. ಮಾತೇ ಆಡದವರು? ರೇಡಿಯೋ ಅಕ್ಕ? ಯೋಚಿಸಿದರೆ ಚರ್ಚಿನಲ್ಲಿ ಅವರ ಬಾಯಿ ಬಿಡಿಸಿದವರನ್ನು ನಾನು ಕಂಡಿಲ್ಲ. ಭಕ್ತಿ ಅಂದುಕೊಂಡಿದ್ದೆ.

ಹಾಗಾದರೆ ನಾನು ಅವರ ಸೇವೆ. ಈ ಊರಿನಲ್ಲಿ ನನ್ನ ಬಾಗಿಲು ತಟ್ಟುವವರು ಒಬ್ಬರೇ, ಅವರನ್ನೂ ಯಾರೋ ಹೇಳಿ ಕಳಿಸಿದ್ದು. ತುಂಬಾ ನೋವಾಗಿದೆ. ಕೋಪ ಅಂತ ಬರೆಯಲು ಹೊರಟೆ... ಕೋಪವಲ್ಲ.

ಜೂನ್ ೧೯, ಗುರುವಾರ

ಮುಂದಿನ ಕೋಣೆಯ ದೀಪ ಆರಿಸಿ ಅಡುಗೆಮನೆಯಲ್ಲಿ ನಿಂತೆ. ಬಾಗಿಲು ತಟ್ಟಿದರು. ‘ತಂಗೀ... ಇದ್ದೀಯಾ?’ ಉಸಿರು ಬಿಗಿಹಿಡಿದೆ. ಬಹಳ ಹೊತ್ತು ನಿಂತಿದ್ದರು. ಒಂದು ಸಲ ಗಂಟಲು ಸರಿಮಾಡಿಕೊಂಡರು. ಆಮೇಲೆ ಚಪ್ಪಲಿ ಸದ್ದು.

ಹೊಸ್ತಿಲ ಹತ್ತಿರ ಕೇಕು. ಕಾಗದದಲ್ಲಿ ಸುತ್ತಿ, ಇರುವೆ ಬರದಂತೆ ಮೇಲೊಂದು ಡಬ್ಬಿ ಕವುಚಿ.

ಪ್ರಾರ್ಥನೆಗೆ ಕೂತೆ. ಎದ್ದು ಮುಂದಿನ ಕೋಣೆಯ ದೀಪ ಹಚ್ಚಿದೆ.

ಜುಲೈ ೩, ಗುರುವಾರ

ಬರಲಿಲ್ಲ. ಹೋದ ಗುರುವಾರವೂ ಇಲ್ಲ. ಚರ್ಚಿನಲ್ಲಿ ದೂರದಿಂದಲೇ ತಲೆಯಾಡಿಸುತ್ತಾರೆ, ನಾನೂ ಆಡಿಸುತ್ತೇನೆ.

ಕೇಕು ಟೀಯಲ್ಲಿ ಅದ್ದಿ ಅದ್ದಿ ಪೂರ್ತಿ ತಿಂದೆ. ಮೋರಿ ಸರಿಹೋಯಿತೋ ಇಲ್ಲವೋ. ಪರದೆ ಬದಲಾಯಿಸಿದರಾ? ಇದೆಲ್ಲ ನನಗ್ಯಾಕೆ ಬೇಕು! ಆದರೂ ಟೀ ಎರಡು ಲೋಟಕ್ಕೆ ಇಟ್ಟಿದ್ದೆ.

ಜುಲೈ ೮, ಮಂಗಳವಾರ

ಮೇಷ್ಟ್ರು ಕುಂಟುತ್ತಾ ಬಂದರು. ಮಂಡಿ ತರಚಿದೆ. ಕನ್ನಡಕದಲ್ಲಿ ನೆಲ ಎದ್ದು ಬಂದ ಹಾಗೆ ಕಾಣುತ್ತಿತ್ತಂತೆ, ಮೊದಲ ದಿನದಿಂದಲೂ.

‘ಮತ್ತೆ ಅವತ್ತು ಚೆನ್ನಾಗಿದೆ ಅಂದ್ರಲ್ಲ ಸರ್?’

‘ಅಷ್ಟು ಅಕ್ಕರೆಯಿಂದ ಹಾಕಿಕೊಟ್ಟೆ. ನಿಂಗೆ ಬೇಜಾರಾಗ್ಬಾರ್ದು ಅಂತ...’

ರೇಗಿಬಿಟ್ಟೆ. ‘ಕಾಣಲ್ಲ ಅಂದ್ರೆ ಕಾಣಲ್ಲ ಅನ್ನಿ ಸರ್! ನಂಗೆ ಹೇಗೆ ಗೊತ್ತಾಗ್ಬೇಕು?’ ಪೆಚ್ಚಾದರು. ಲೆನ್ಸ್ ಬದಲಾಯಿಸಲು ಕಳಿಸಿದ್ದೇನೆ.

ಮನೆಗೆ ನಡೆದು ಬರುವಾಗ ಆ ಬೈಗುಳ ನನ್ನನ್ನೇ ಹಿಂಬಾಲಿಸಿತು. ಒಂದು ವರ್ಷ ಹೂಂ ಹೂಂ ಅಂದವಳು ನಾನೇ ಅಲ್ಲವಾ?

ಜುಲೈ ೧೩, ಭಾನುವಾರ

ಅವರ ಮನೆಗೆ ಹೋದೆ. ಮೊದಲ ಸಲ. ಅವರು ಇಷ್ಟು ಸಲ ಬಂದಿದ್ದಾರೆ, ನಾನು ಒಂದು ಸಲವೂ ಹೋಗಿರಲಿಲ್ಲ. ಊಟದ ಮೇಜಿಗೆ ಒಂದೇ ಕುರ್ಚಿ. ಅದನ್ನು ನನಗೆ ಕೊಟ್ಟು ತಾವು ಟ್ರಂಕಿನ ಮೇಲೆ ಕೂತರು. ಒಂದು ಮಾತಿಲ್ಲ.

‘ಅಕ್ಕಾ, ಆವತ್ತು ನಾನು ಒಳಗೇ ಇದ್ದೆ.’

‘ಗೊತ್ತು. ಅಡುಗೆಮನೆ ದೀಪ ಬಾಗಿಲ ಕೆಳಗೆ ಕಾಣ್ತಿತ್ತು.’

‘ಬೇಜಾರಾಗ್ಲಿಲ್ವಾ?’

‘ಮೊದ್ಲು, ಸದ್ಯ ಇವತ್ತು ಬಾಯಿಗೆ ರಜಾ ಅನ್ನಿಸ್ತು. ಮನೆಗೆ ಬಂದ್ಮೇಲೆ ಅಳು ಬಂತು.’

ಕೇಳಬಾರದು ಅಂದುಕೊಂಡಿದ್ದನ್ನು ಕೇಳಿಯೇ ಬಿಟ್ಟೆ. ‘ಪಾಸ್ಟರಮ್ಮ ಹೇಳಿದ್ರು ಅಂತ ಬರ್ತಿದ್ರಾ?’

‘ಮೊದ್ಲ ಒಂದು ತಿಂಗ್ಳು. ಆಮೇಲೆ ಅವ್ರು ಸಾಕು, ಇನ್ನೊಬ್ರ ಮನೆಗೆ ಹೋಗಿ ಅಂದ್ರು. ನಾನು ಹೋಗ್ಲಿಲ್ಲ.’

‘ಯಾಕೆ?’

ಸೆರಗಿನ ತುದಿ ಸುರುಳಿ ಸುತ್ತುತ್ತಾ ಕೂತರು. ‘ನೀನು ಕೇಳ್ತಿದ್ದೆ.’

ನನ್ನದನ್ನೂ ಹೇಳಿದೆ — ಹೂಂಗುಟ್ಟುವುದನ್ನೇ ಸೇವೆ ಅಂದುಕೊಂಡಿದ್ದು, ತಲೆನೋವು, ಎಲ್ಲ. ಬಾಯಿಗೆ ಸೆರಗು ಹಿಡಿದು ನಕ್ಕರು. ‘ಹಾಗಾದ್ರೆ ಕೇಕೂ?’ ಅಂದರು. ಕೇಕೂ ಅಂದೆ. ಬಾಗಿಲ ತನಕ ಬಂದು ಕೈ ಹಿಡಿದುಕೊಂಡರು.

ಜುಲೈ ೧೭, ಗುರುವಾರ, ಸಂಜೆ

ಇದ್ದಾರೆ. ಇಲ್ಲೇ, ಮೇಜಿನ ಆಚೆ. ಕೇಕಿಲ್ಲ, ಅಂಗಡಿ ಬ್ರೆಡ್ಡು ತಂದಿದ್ದಾರೆ. ಶಾಲು ಮಡಿಸಿಟ್ಟು ಅಮ್ಮನ ಕುರ್ಚಿಯನ್ನು ನಾನೇ ಎಳೆದುಕೊಟ್ಟೆ. ಉಣ್ಣೆ ಬಿಡಿಸುತ್ತಾ ಕೂತಿದ್ದಾರೆ. ಬಂದಾಗಿನಿಂದ ನಾಲ್ಕು ಮಾತಾಗಿರಬಹುದು. ಮನೆ ನಿಶ್ಶಬ್ದವಾಗಿಯೇ ಇದೆ, ಖಾಲಿ ಅನ್ನಿಸುತ್ತಿಲ್ಲ. ಇನ್ನೊಬ್ಬರು ಇರುವಾಗ ಈ ಪುಸ್ತಕ ತೆರೆದದ್ದು ಇದೇ ಮೊದಲು.

‘ಏನು ಬರೀತಿದ್ದೀಯ?’

‘ನಿಮ್ಮನ್ನ ಬೈದು ಬರೀತಿದ್ದೀನಿ.’

‘ಬರಿ ಬರಿ. ಕಣ್ಣು ಹಾಳು ಮಾಡ್ಕೋಬೇಡ.’

ಎದ್ದು ಮೇಜುದೀಪವನ್ನು ನನ್ನ ಬಲಕ್ಕೆ ಸರಿಸಿಕೊಟ್ಟರು. ಈಗ ನನ್ನ ಕೈಯ ನೆರಳೇ ಹಾಳೆಯ ಮೇಲೆ ಬೀಳುತ್ತಿದೆ, ಬರೆದ ಸಾಲು ಕಾಣುತ್ತಿಲ್ಲ. ‘ಸರಿ ಇದೆಯಾ?’ ಅಂತ ಮುಖ ನೋಡುತ್ತಿದ್ದಾರೆ. ಎಷ್ಟು ಅಕ್ಕರೆ ಆ ಮುಖದಲ್ಲಿ. ಹೂಂ ಅನ್ನುವುದು ಎಷ್ಟು ಸುಲಭ...

ಇಲ್ಲ. ಹೇಳುತ್ತೇನೆ. ಅಕ್ಕಾ, ದೀಪ ಸ್ವಲ್ಪ ಆ ಕಡೆ —