ಆಯುಧ ಪೂಜೆಯ ಎಣ್ಣೆ

ಯಕ್ಷಿತಾಳ ಅಜ್ಜನಿಗೆ,

ಬದುಕಿದ್ದಾಗ ಎದುರು ಮಾತಾಡಲು ಬಿಡಲಿಲ್ಲ. ಈಗ ಬಾಯಿ ಮುಚ್ಚಿ ಕೇಳಿ.

ಇವತ್ತು ಬೆಳಿಗ್ಗೆ ಹೋಟೆಲುಗಳಿಗೆ ಇಡ್ಲಿ ಹಿಟ್ಟು ಹೊತ್ತ ನಿಮ್ಮ ಹಳೇ ಪಿಕಪ್ ಕುರ್ಲಾ ಸಿಗ್ನಲ್ಲಿನಲ್ಲಿ ನಿಂತೇಬಿಟ್ಟಿತು. ಮೊಮ್ಮಗಳು ಯಕ್ಷಿತಾ ತುಳಿದ ಕ್ಲಚ್ ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ. ಮರಾಠಿ ಮೆಕ್ಯಾನಿಕ್ ಬಾನೆಟ್ ಎತ್ತಿ, ಕ್ಲಚ್ಚಿನ ಎಣ್ಣೆ ಡಬ್ಬಿಗೆ ಬೆರಳದ್ದಿ ಮೂಸಿದ. "ಆಜಿ, ಇದಕ್ಕೆ ಬ್ರೇಕ್ ಆಯಿಲ್ ಹಾಕ್ಬೇಕು. ಎಂಜಿನ್ ಆಯಿಲ್ ಯಾರು ಹಾಕಿದ್ದು? ರಬ್ಬರ್ ಎಲ್ಲಾ ಊದಿಹೋಗಿದೆ" ಎಂದ.

ಯಾರು ಹಾಕಿದ್ದು! ಪ್ರತಿ ಆಯುಧ ಪೂಜೆಗೆ ಚಕ್ರದಡಿ ನಿಂಬೆಹಣ್ಣಿಟ್ಟು, ಉಳಿದ ಎಂಜಿನ್ ಆಯಿಲನ್ನು ಆ ಡಬ್ಬಿಗೆ ಸುರಿಯುತ್ತಿದ್ದ ಮಹಾಪಂಡಿತರು ನೀವು. ಈ ಸಲ "ಅಜ್ಜ ಹೀಗೇ ಮಾಡ್ತಿದ್ರು" ಎಂದು ಯಕ್ಷಿತಾಳೂ ಸುರಿದಿದ್ದಳು.

ಹಿಂದೆ ಇದೇ ಪೆಡಲ್ ಹೀಗೇ ಕೂತಾಗ ನಮ್ಮ ಮಗ ಸುಕೇಶನಿಗೆ ಏನಂದಿರಿ? "ಕ್ಲಚ್ ಮೇಲೆ ಕಾಲಿಟ್ಟು ನಿದ್ದೆ ಮಾಡ್ತೀಯಾ? ಗಾಡಿ ಹಾಳು ಮಾಡ್ಲಿಕ್ಕೇ ಹುಟ್ಟಿದವ. ಚಾವಿ ಕೊಟ್ಟು ಹೊರಡು!" ನಮ್ಮ ಚಾಳಿನ ಮನೆಮನೆಗೂ ಕೇಳಿಸಿತು. ಮನೆ ಬಿಟ್ಟು ದಹಿಸರಿಗೆ ಹೋದವನು ನೀವು ಸತ್ತ ಮೇಲೆ ಬೊಜ್ಜದ ಊಟಕ್ಕೂ ಕೂರಲಿಲ್ಲ.

"ಮಾಮನಿಗೆ ಫೋನ್ ಮಾಡಿ ಹೇಳ್ಲಾ ಅಜ್ಜಿ?" ಎಂದು ಮೊಮ್ಮಗಳು ಕೇಳಿದಳು. "ಮೊದಲು ರಿಕ್ಷಾ ಹಿಡಿದು ಹಿಟ್ಟು ಮುಟ್ಟಿಸೇ, ಹುಳಿಯಾಗ್ತದೆ" ಎಂದು ಗದರಿದೆ.

ಮನೆಗೆ ಬಂದು ನಿಮ್ಮ ಫೋಟೋದ ಮಾಲೆ ಕಿತ್ತು ಬಿಸಾಡಿದ್ದೇನೆ. ಆದರೂ ಒಂದು ಮಾತು. ಆ ದಿನ ನೀವು ಕೈ ಚಾಚಿ ನಿಂತಿದ್ದರೂ ಸುಕೇಶ ಚಾವಿಯನ್ನು ನಿಮಗೆ ಕೊಡಲಿಲ್ಲ. ಒಳಗೆ ಬಂದು, ನಾನಾದರೂ ತಡೆದೇನೆಂಬಂತೆ ನನ್ನ ಮುಖವನ್ನೇ ನೋಡುತ್ತಾ ನನ್ನ ಮುಂದೆ ಹಿಡಿದ.

ನಾನು ತೆಗೆದುಕೊಂಡೆ.