ಬಲಗೈಗೆ ಕೊಟ್ಟ ರಜೆ

ಪ್ರಯೋಗಾಲಯದ ಹಿಂಬದಿಯ ಮೆಟ್ಟಿಲು,
ತಾರೀಖು ಹದಿನಾಲ್ಕು, ಗುರುವಾರ, ಊಟದ ಬಿಡುವು

ಪ್ರೀತಿಯ ಚಿಕ್ಕಪ್ಪಾ,

ನಮಸ್ಕಾರಗಳು. ಈ ಪತ್ರದಲ್ಲಿ ನಿಮ್ಮನ್ನು ಬಹುವಚನದಲ್ಲೇ ಕರೆಯಲಿದ್ದೇನೆ, ಗಾಬರಿಯಾಗಬೇಡಿ. ಕೋಪ ಬಂದಾಗ ಮಾತ್ರ ನನಗೆ ಮರ್ಯಾದೆ ನೆನಪಾಗುತ್ತದೆ. ಆರೋಗ್ಯ ಹೇಗಿದೆ? ಹೊಲಿಗೆ ಹಾಕಿದ ಜಾಗದಲ್ಲಿ ಕೂದಲು ಬಂತೇ? ತಲೆಸುತ್ತು ಕಡಿಮೆಯಾಯಿತೇ? ಎಡಗೈ ಕ್ಷೇಮವೆಂದು ತಿಳಿದು ಸಂತೋಷ. ಪಕ್ಕದ ಹಾಸಿಗೆಯ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಇಸ್ಪೀಟಿನಲ್ಲಿ ಮೋಸ ಮಾಡುವಷ್ಟು ಚುರುಕಾಗಿದೆಯಂತೆ. ಬಲಗೈಯ ವಿಚಾರ ಮಾತ್ರ ನಿಮ್ಮನ್ನು ಕೇಳುವುದಿಲ್ಲ. ಅದನ್ನು ನಿಮ್ಮ ವಾರ್ಡಿನ ವ್ಯಾಯಾಮದ ಅಕ್ಕ ನಿನ್ನೆ ಬೆಳಿಗ್ಗೆ ಫೋನು ಮಾಡಿ, ನಾನು ಬೇಡವೆಂದರೂ ಬಿಡದೆ, ಪೂರ್ತಿ ವರದಿ ಒಪ್ಪಿಸಿದ್ದಾರೆ.

ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ, ಓದಿಕೊಳ್ಳಿ. "ನಿಮ್ಮ ಚಿಕ್ಕಪ್ಪಂಗೆ ಮಣಿ ಪೋಣಿಸಿ ಅಂದ್ರೆ ಗೋಡೆ ಮೇಲಿನ ಸರ್ಟಿಫಿಕೇಟ್ ತೋರಿಸ್ತಾರಮ್ಮ. ಎರಡು ತಿಂಗಳಾಯ್ತು. ಬೆರಳು ಒಳಗೆ ಮಡಚ್ಕೊಳ್ತಾ ಇದೆ. ಇನ್ನೊಂದಷ್ಟು ದಿನ ಹೀಗೇ ಬಿಟ್ರೆ, ಆಮೇಲೆ ಬಿಡಿಸೋಕೆ ನನ್ ಕೈಲೂ ಆಗಲ್ಲ." ಅಷ್ಟು ಹೇಳಿ, ಆ ಸರ್ಟಿಫಿಕೇಟ್ ಕೊಟ್ಟ ಮಹಾನುಭಾವರು ಯಾರೆಂದು ನನಗೇನಾದರೂ ಗೊತ್ತೇ ಎಂದು ಕೇಳಿದರು. ನನಗೆ ಫೋನಿನೊಳಗೇ ಹೂತುಹೋಗಬೇಕೆನಿಸಿತು.

ಚಿಕ್ಕಪ್ಪಾ, ತಮಾಷೆಗೂ ಒಂದು ಮಿತಿ ಬೇಡವೇ? ನಾನು ಅದನ್ನು ಬರೆದಾಗ, ನೀವು ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಗಿ ಎರಡು ತಿಂಗಳಾಗಿತ್ತು. ಮೂವತ್ತು ವರ್ಷ ಈ ಊರಿನ ಅಂಗಡಿಗಳಿಗೆಲ್ಲ ನಾಮಫಲಕ ಬರೆದ ಕೈ ಹಾಸಿಗೆಯ ಮೇಲೆ ಯಾರೋ ಮರೆತುಹೋದ ವಸ್ತುವಿನ ಹಾಗೆ ಬಿದ್ದಿತ್ತು. ನೋಡಲು ಬಂದವರೆಲ್ಲ ಮುಖ ಸಣ್ಣ ಮಾಡಿಕೊಂಡು ಕೂರುತ್ತಿದ್ದರು. ನಿಮ್ಮನ್ನು ನಗಿಸೋಣವೆಂದು ನಾನು ಪ್ರಯೋಗಾಲಯದ ಬಿಳಿ ಕೋಟು ಹಾಕಿಕೊಂಡು ಬಂದು, ಗಂಟಲು ಸರಿಪಡಿಸಿಕೊಂಡು ಓದಿದ್ದೆ: "ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ರೋಗಿಯ ಬಲಗೈಯು ಆರು ತಿಂಗಳ ರಜೆಯ ಮೇಲಿದ್ದು, ಔಷಧ ಸಿದ್ಧವಾದ ಕೂಡಲೇ ಕೆಲಸಕ್ಕೆ ಹಾಜರಾಗತಕ್ಕದ್ದು." ಕೆಳಗೆ 'ಮುಖ್ಯ ಇಲಿ ಅಧಿಕಾರಿ' ಎಂದು ನನ್ನ ಸಹಿ. ಮೊಹರು ಕೆಮ್ಮಿನ ಔಷಧದ ಸೀಸೆಯ ಮುಚ್ಚಳದ್ದು. ನೀವು ನಕ್ಕಿರಿ, ಏಣಿಯಿಂದ ಬಿದ್ದ ಮೇಲೆ ಮೊದಲ ಸಲ. ನಾನು ಬೀಗುತ್ತಾ ಮನೆಗೆ ಹೋದೆ. ಅದನ್ನು ಗೋಡೆಗೆ ಅಂಟಿಸಿಕೊಂಡು, ಓದು ಬಲ್ಲ ಹೆಂಗಸೊಬ್ಬರಿಗೆ ದಿನಾ ತೋರಿಸಿ ವ್ಯಾಯಾಮ ತಪ್ಪಿಸಿಕೊಳ್ಳುತ್ತೀರೆಂದು ಯಾರು ಕನಸು ಕಂಡಿದ್ದರು?

ಇದು ಸಾಲದೆಂದು ಮೊನ್ನೆ ನಿಮ್ಮ ಪತ್ರ ಬೇರೆ. ವಾರ್ಡಿನ ಹುಡುಗಿಯ ದುಂಡು ಅಕ್ಷರದಲ್ಲಿ ನಿಮ್ಮ ಗತ್ತು: "ಔಷಧ ಒಂದು ಸೀಸೆ ಕದ್ದು ತಾ, ನಿಮ್ಮ ಮೇಡಂಗೆ ಗೊತ್ತಾಗೋದು ಬೇಡ." ಅದು ಔಷಧವಲ್ಲ ಮಾರಾಯರೇ, ಇಲಿಗಳಿಗಾಗಿ ತಯಾರಿಸಿದ ಕಿಣ್ವ. ಅತ್ತ ಚಿಕ್ಕಮ್ಮ, ಮಿದುಳಿನ ಗಾಯದಲ್ಲಿ ಸಕ್ಕರೆ ಸೇರಿಕೊಂಡಿದೆ ಎಂದು ನಾನು ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು, ನಿಮಗೆ ಸಪ್ಪೆ ಕಾಫಿ ಕಳಿಸುತ್ತಿದ್ದಾರಂತೆ. ಅವರಿಗೆ ಹೇಳಿ, ಇದು ಡಬ್ಬಿಯ ಸಕ್ಕರೆಯಲ್ಲ, ಕಾಫಿ ನಿರಪರಾಧಿ. ಇನ್ನೊಮ್ಮೆ ವಿವರಿಸುತ್ತೇನೆ. ಪೋಸ್ಟ್‌ಮಾಸ್ಟರೂ ಕೇಳಲಿ.

ಮಿದುಳಿನ ಜೀವಕೋಶಗಳ ನಡುವಿನ ಸಂದಿಗಳಲ್ಲಿ ಕೆಲವು ದೊಡ್ಡ ಅಣುಗಳಿವೆ. ನಡುವೆ ಒಂದು ಪ್ರೋಟೀನ್ ಕಾಂಡ, ಅದರ ಮೈತುಂಬ ಸಕ್ಕರೆಯ ಉದ್ದುದ್ದ ಸರಪಳಿಗಳು. ಮಗು ಹೊಟ್ಟೆಯಲ್ಲಿದ್ದಾಗ ನರದ ಎಳೆಗಳು ದಾರಿ ಹುಡುಕುತ್ತಾ ಬೆಳೆಯುತ್ತವಲ್ಲ, ಆಗ ಇವು ಇತ್ತ ಬಾ, ಅತ್ತ ಹೋಗಬೇಡ ಎಂದು ಫಲಕ ಹಿಡಿದು ನಿಂತಿರುತ್ತವೆ. ಒಂದು ರೀತಿಯಲ್ಲಿ ನಿಮ್ಮ ಕಸುಬಿನವೇ. ಬಾಲ್ಯ ಮುಗಿಯುತ್ತಾ ಬಂದಂತೆ ಕೆಲವು ಕೋಶಗಳ ಸುತ್ತ ಬಲೆಯಂತೆ ಕಟ್ಟಿಕೊಂಡು, ಕಲಿತದ್ದು ಕದಲದಂತೆ ಬಿಗಿಯುತ್ತವೆ. ತಲೆಗೆ ಪೆಟ್ಟು ಬಿದ್ದರೆ ಗಾಯದ ಸುತ್ತ ಗುಂಪುಗೂಡುತ್ತವೆ. ಕೆಡುಕು ಹರಡದಂತೆ ತಡೆಯಲು ಆ ಕಟ್ಟೆ ಮೊದಮೊದಲು ಬೇಕೇ ಬೇಕು. ಆದರೆ ರಸ್ತೆ ಅಗೆದವರು ಗುಂಡಿ ಮುಚ್ಚಿದ ಮೇಲೂ ಅಡ್ಡಗಂಬ ತೆಗೆಯದೆ ಮನೆಗೆ ಹೋಗುತ್ತಾರಲ್ಲ, ಇಲ್ಲೂ ಅದೇ ಗೋಳು. ಹೊಸ ಎಳೆ ಬೆಳೆದು ಬಂದು ಅಲ್ಲಿ ಮುಗ್ಗರಿಸಿ ನಿಲ್ಲುತ್ತದೆ. ನಮ್ಮ ಕಿಣ್ವ ಆ ಸಕ್ಕರೆ ಸರಪಳಿಗಳನ್ನು ಕತ್ತರಿಸುತ್ತದೆ. ಇಷ್ಟನ್ನು ಕೇಳಿಯೇ ಅಲ್ಲವೇ ನೀವು ಕಾಲು ಚಾಚಿ ಮಲಗಿದ್ದು?

ಈಗ ನಿನ್ನೆ ಮಧ್ಯಾಹ್ನ ಇಲ್ಲಿ ನಡೆದದ್ದನ್ನು ಕೇಳಿ. ನನ್ನ ಕೆಲಸ ನಿಮಗೆ ಗೊತ್ತು: ಇಲಿಯ ಮಿದುಳನ್ನು ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಹೊಸ ಎಳೆಗಳನ್ನು ಎಣಿಸುವುದು. ಯಾವ ಗಾಜು ಯಾವ ಇಲಿಯದೆಂದು ಎಣಿಸುವವರಿಗೆ ಹೇಳುವುದಿಲ್ಲ. ಹೇಳಿದರೆ ನಮಗೆ ಬೇಕಾದದ್ದೇ ಕಣ್ಣಿಗೆ ಕಾಣುತ್ತದಂತೆ. ಗಾಜಿನ ಮೇಲೆ ಬರೀ ಅಂಕಿ. ಪಟ್ಟಿ ಮೇಡಂ ಬೀರುವಿನಲ್ಲಿ, ಅಂಟು ಹಾಕಿದ ಲಕೋಟೆಯಲ್ಲಿ. ಐದು ತಿಂಗಳು ಅವರ ತಲೆ ತಿಂದರೂ ತುಟಿ ಬಿಚ್ಚಲಿಲ್ಲ. ನಾನು ಮಾತ್ರ ಹದಿನೇಳನೆಯ ಗಾಜಿನ ಮೇಲೆ ಪ್ರಾಣ ಇಟ್ಟುಕೊಂಡಿದ್ದೆ. ಎಂಥ ಎಳೆಗಳು ಚಿಕ್ಕಪ್ಪಾ, ಗಾಯದ ಗೆರೆ ದಾಟಿ ಪೊದೆಪೊದೆಯಾಗಿ ಹಬ್ಬಿದ್ದವು. ಈ ಇಲಿ ಎದ್ದು ನಾಮಫಲಕವನ್ನೇ ಬರೆದಿರಬೇಕು ಎಂದು ಊರೆಲ್ಲ ಸಾರಿದ್ದೆ.

ನಿನ್ನೆ ಲಕೋಟೆ ಒಡೆದರು. ಹದಿನೇಳು ಎಂದರೆ ನಮ್ಮ 'ದೊರೆ'. ಪಂಜರದ ಮೂಲೆಯಲ್ಲಿ ತಿಂದು ಮಲಗಿದ್ದ ದಪ್ಪ ಇಲಿ. ಅದಕ್ಕೆ ಕಿಣ್ವ ಕೊಟ್ಟಿದ್ದರು, ಕಸರತ್ತು ಕೊಟ್ಟಿರಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಕಿಂಡಿಯಾಚೆ ಇಟ್ಟ ಐವತ್ತು ಕಾಳುಗಳಲ್ಲಿ ಅದು ಸ್ವಾಧೀನ ತಪ್ಪಿದ ಪಂಜದಿಂದ ಎತ್ತಿದ್ದು ಎರಡು. ಏನೂ ಕೊಡದೆ ಬಿಟ್ಟ ಇಲಿಗಳೂ ಎತ್ತಿದ್ದು ಅಷ್ಟೇ. ಕಿಣ್ವವೂ ಸಿಕ್ಕಿ, ದಿನಾ ಕಿಂಡಿಯಲ್ಲಿ ಕೈ ತೂರಿಸಿ ಕಾಳು ಎತ್ತುವ ಅಭ್ಯಾಸವನ್ನೂ ಮಾಡಿದವು ಮೂವತ್ತು ದಾಟಿದವು. ನನಗೆ ತಡೆಯಲಿಲ್ಲ, ಅಷ್ಟೊಂದು ಎಳೆ ಬೆಳೆದೂ ಯಾಕೆ ಹೀಗೆ ಎಂದು ಕೇಳಿದೆ. ಮೇಡಂ ಕನ್ನಡಕ ಒರೆಸುತ್ತಾ, "ದಾರಿ ಬಿಡಿಸಿಕೊಟ್ವಿ, ಸರಿ. ಎಲ್ಲಿಗೆ ಹೋಗ್ಬೇಕು ಅಂತ ಆ ಎಳೆಗಳಿಗೆ ಹೇಳ್ಕೊಡೋದು ಕೈ ತಾನೆ? ಅದು ಮಲಗಿತ್ತಲ್ಲ," ಎಂದರು.

ನಾನು ಹೋಗಿ ಗಾಜು ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ನಿಮ್ಮ ಮೇಲೆ ಬಂದ ಸಿಟ್ಟಿಗೆ ಎರಡು ಗಾಜು ಒಡೆದವು.

ಬಿಡುವು ಮುಗಿಯಿತು, ಮೇಲಿನಿಂದ ಕರೆಯುತ್ತಿದ್ದಾರೆ. ಚಿಕ್ಕಮ್ಮನಿಗೆ ಪ್ರೀತಿ, ಪೋಸ್ಟ್‌ಮಾಸ್ಟರಿಗೆ ಸಹಾನುಭೂತಿ, ವ್ಯಾಯಾಮದ ಅಕ್ಕನಿಗೆ ಸಾಷ್ಟಾಂಗ. ನಿಮಗೆ ಆಶೀರ್ವಾದ ಮಾಡುವ ವಯಸ್ಸು ನನ್ನದಲ್ಲ, ಆದರೂ ಇವತ್ತು ಮಾಡಿದ್ದೇನೆ: ಬುದ್ಧಿ ಬರಲಿ.

ಇತಿ,
ನಿಮ್ಮ ಅಣ್ಣನ ಮಗಳು,
ಮುಖ್ಯ ಇಲಿ ಅಧಿಕಾರಿ (ಹುದ್ದೆಗೆ ಈ ಕ್ಷಣದಿಂದ ರಾಜೀನಾಮೆ)

ಮರೆತಿದ್ದೆ: ನಾಲ್ಕನೇ ಗುಂಪೊಂದಿತ್ತು. ಕಿಣ್ವದ ಒಂದು ತೊಟ್ಟೂ ಸಿಗದೆ, ಬರೀ ದಿನಾ ಕಾಳು ಎತ್ತಲು ಒದ್ದಾಡಿದವು. ಅವು ಹದಿನೆಂಟು ಎತ್ತಿದವು. ಮೂವತ್ತಲ್ಲ, ಹದಿನೆಂಟು. ಚಿಕ್ಕಪ್ಪಾ, ನಿನಗಿರೋದು ಆ ಗುಂಪು. ಆರು ತಿಂಗಳು ಅಂತ ನಾನು ಬರೆದದ್ದು ಸುಳ್ಳು. ಆ ಕಿಣ್ವ ಮನುಷ್ಯರಿಗೆ ಯಾವಾಗ ಬರುತ್ತೋ, ಬರುತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅವತ್ತು ನಿನ್ನ ಕೈ ನೋಡೋಕಾಗದೆ ಬಾಯಿಗೆ ಬಂದದ್ದು ಬರೆದೆ. ನೀನೂ ಗೊತ್ತಿದ್ದೇ ನಂಬಿದೆ ಅನ್ನಿಸುತ್ತೆ, ಮಣಿ ಎತ್ತೋಕೆ ಹೋಗಿ ಎತ್ತೋಕಾಗದಿದ್ದರೆ ಅಂತ ಹೆದರಿ. ನನಗೂ ಅದೇ ಹೆದರಿಕೆ. ಇದಕ್ಕೆ ಉತ್ತರ ಬರಿ. ಬಲಗೈಯಲ್ಲಿ. ಒಂದು ಸೊಟ್ಟ ಗೆರೆ ಸಾಕು, ವಾರ ಹಿಡಿದರೂ ಸರಿ. ಬೇರೆಯವರ ದುಂಡು ಅಕ್ಷರದಲ್ಲಿ ಬಂದರೆ ಒಡೆಯದೆ ವಾಪಸ್ ಕಳಿಸುತ್ತೇನೆ.